ಸಹಯೋಗದ ಸಂಶೋಧನೆಯಲ್ಲಿ ರೈತನ ಪಾಲು ಏನು?



ಹೊಸಕೋಟೆ, ಆನೇಕಲ್, ನೆಲಮಂಗಲ, ದೊಡ್ಡಬಳ್ಳಾಪುರ ತಾಲ್ಲೂಕುಗಳಲ್ಲಿ ಬೇಸಾಯ ಮಾಡುವ ನಿಮ್ಮಲ್ಲಿ ಅನೇಕರ ಮನೆಯ ಜಗಲಿಗೆ ಈಚಿನ ವರ್ಷಗಳಲ್ಲಿ ಯಾರಾದರೂ ಪ್ರಶ್ನಾವಳಿ ಹಿಡಿದು ಬಂದಿರಬಹುದು. ಎಷ್ಟು ಎಕರೆ ಜಮೀನು, ಎಷ್ಟು ಹಸು ಕಟ್ಟಿದ್ದೀರಿ, ಸಗಣಿಯನ್ನು ಏನು ಮಾಡುತ್ತೀರಿ, ರಾಗಿ ಹುಲ್ಲನ್ನು ಮಾರುತ್ತೀರೋ ಮೆದೆ ಒಟ್ಟುತ್ತೀರೋ, ಹೊಲಕ್ಕೆ ಯಾವ ನೀರು ಹಾಯಿಸುತ್ತೀರಿ ಎಂದೆಲ್ಲ ಕೇಳಿ ಬರೆದುಕೊಂಡಿರಬಹುದು. ಹೊಲಕ್ಕೆ ಇಳಿದು ಮಣ್ಣಿನ ಮಾದರಿಯನ್ನು ಚೀಲಕ್ಕೆ ತುಂಬಿಕೊಂಡು, ಮನೆಯವರು ಕೊಟ್ಟ ಮಜ್ಜಿಗೆ ಕುಡಿದು ಹೊರಟಿರಬಹುದು. ಆ ಮಣ್ಣಿನಲ್ಲಿ ಏನು ಕಂಡುಬಂತು, ನೀವು ಹೇಳಿದ ಲೆಕ್ಕದಿಂದ ಯಾವ ತೀರ್ಮಾನ ಹೊರಟಿತು ಎಂಬುದು ನಿಮ್ಮಲ್ಲಿ ಎಷ್ಟು ಮಂದಿಗೆ ಮರಳಿ ತಿಳಿದಿದೆ?

ಈ ಪ್ರಶ್ನೆಯನ್ನು ಯಾರನ್ನೂ ಹಳಿಯುವುದಕ್ಕಾಗಿ ಎತ್ತುತ್ತಿಲ್ಲ. ಸಂಶೋಧನೆ ಬೇಕು. ಒಂದು ವಿಶ್ವವಿದ್ಯಾನಿಲಯ ಇನ್ನೊಂದರೊಡನೆ, ಒಂದು ದೇಶ ಇನ್ನೊಂದರೊಡನೆ ಕೂಡಿ ನಡೆಸುವ ಸಂಶೋಧನೆ ಇನ್ನೂ ಹೆಚ್ಚಾಗಿ ಬೇಕು. ಆದರೆ ಅದರಲ್ಲಿ ರೈತ ಬರಿಯ ಮಾಹಿತಿ ಕೊಡುವವನೇ, ಕಚ್ಚಾಮಾಲು ಒದಗಿಸುವವನೇ, ಅಥವಾ ಪಾಲುದಾರನೇ ಎಂಬುದು ಮೊದಲೇ ನಿಶ್ಚಯವಾಗಬೇಕು. ಇದು ನಿಶ್ಚಯವಾಗದೆ ಆರಂಭವಾದ ಯೋಜನೆ ಎಷ್ಟೇ ದೊಡ್ಡದಾದರೂ, ಹಣ ಮುಗಿದ ದಿನ ಅದೂ ಮುಗಿಯುತ್ತದೆ ಎಂಬುದೇ ಈ ಲೇಖನದ ಅಭಿಪ್ರಾಯ.

ಹೆಸರು ಹೊಸದು, ಕೆಲಸ ಹಳೆಯದು

ಈಗ ಎಲ್ಲೆಲ್ಲೂ ‘ಜೈವಿಕ ಆರ್ಥಿಕತೆ’ ಎಂಬ ಮಾತು ಕೇಳಿಬರುತ್ತಿದೆ. ನೆಲದಿಂದ ಅಗೆದು ತೆಗೆಯುವ ಕಲ್ಲಿದ್ದಲು, ಪೆಟ್ರೋಲಿಯಂಗಳಿಗೆ ಬದಲಾಗಿ ನೆಲದ ಮೇಲೆ ಬೆಳೆಯುವ ವಸ್ತುಗಳಿಂದ ಆಹಾರ, ಮೇವು, ಇಂಧನ, ಗೊಬ್ಬರ, ಔಷಧಿ, ಕಾರ್ಖಾನೆಯ ಸಾಮಗ್ರಿ ಇವನ್ನೆಲ್ಲ ಪಡೆಯುವುದು, ಉಳಿದ ಕಸವನ್ನು ಮತ್ತೆ ನೆಲಕ್ಕೆ ಸೇರಿಸುವುದು ಇದರ ಸಾರಾಂಶ. ಇಷ್ಟೇ ಆದರೆ ನಮ್ಮ ಹಿರಿಯರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹೊಂಗೆಯ ಸೊಪ್ಪು ಗದ್ದೆಗೆ, ಬೀಜದ ಎಣ್ಣೆ ದೀಪಕ್ಕೆ, ಹಿಂಡಿ ತೋಟಕ್ಕೆ. ರಾಗಿಯ ಕಾಳು ಮನೆಗೆ, ಹುಲ್ಲು ದನಕ್ಕೆ, ದನದ ಸಗಣಿ ತಿಪ್ಪೆಗೆ, ತಿಪ್ಪೆ ಮತ್ತೆ ಹೊಲಕ್ಕೆ. ಈ ಸುತ್ತು ಹರಿಯದಂತೆ ನೋಡಿಕೊಂಡವನೇ ಒಳ್ಳೆಯ ಒಕ್ಕಲಿಗ ಎನಿಸಿಕೊಂಡಿದ್ದ.

ಹಾಗಾದರೆ ಹೊಸದೇನು? ಹೊಸದಾಗಿ ಬಂದವು ಪ್ರಯೋಗಶಾಲೆ, ಕಾರ್ಖಾನೆ ಮತ್ತು ದೂರದ ಮಾರುಕಟ್ಟೆ. ಇದಕ್ಕೆ ಉದಾಹರಣೆ ಹುಡುಕಿಕೊಂಡು ಬಹಳ ದೂರ ಹೋಗಬೇಕಾಗಿಲ್ಲ. ಇಂದು ಎಲೆಕ್ಟ್ರಾನಿಕ್ ಸಿಟಿಯ ಹೊಸೂರು ರಸ್ತೆಯಲ್ಲಿರುವ ಬಯೋಕಾನ್ ಕಂಪನಿ 1978ರಲ್ಲಿ ಬೆಂಗಳೂರಿನಲ್ಲಿ ಆರಂಭವಾದದ್ದು ಐರ್ಲೆಂಡಿನ ಒಂದು ಕಂಪನಿಯ ಸಹಭಾಗಿತ್ವದಲ್ಲಿ. ಅದು ಮೊದಲು ತಯಾರಿಸಿದ ವಸ್ತುಗಳಲ್ಲಿ ಒಂದು ಪರಂಗಿ ಕಾಯಿಯ ಹಾಲಿನಿಂದ ತೆಗೆಯುವ ಪಪೇನ್ ಎಂಬ ಕಿಣ್ವ. ಇನ್ನೊಂದು ಮೀನಿನ ಗಾಳಿಚೀಲದಿಂದ ತೆಗೆಯುವ, ಬಿಯರನ್ನು ತಿಳಿಗೊಳಿಸುವ ವಸ್ತು. ಅಂದರೆ ಬೆಂಗಳೂರಿನ ಜೈವಿಕ ಉದ್ಯಮದ ಮೊದಲ ಹೆಜ್ಜೆಗಳಲ್ಲಿ ಒಂದು ಪರಂಗಿ ತೋಟದಿಂದ ಹೊರಟದ್ದು. ಕ್ರಮೇಣ ಕಂಪನಿ ಸೂಕ್ಷ್ಮಜೀವಿಗಳನ್ನು ತೊಟ್ಟಿಯಲ್ಲಿ ಬೆಳೆಸಿ ಕಿಣ್ವ ತಯಾರಿಸುವ ವಿಧಾನಕ್ಕೆ, ಅಲ್ಲಿಂದ ಇನ್ಸುಲಿನ್ ಮೊದಲಾದ ಔಷಧಿಗಳಿಗೆ ಸಾಗಿತು. 2007ರಲ್ಲಿ ತನ್ನ ಕಿಣ್ವದ ವ್ಯವಹಾರವನ್ನು ಡೆನ್ಮಾರ್ಕಿನ ನೋವೋಝೈಮ್ಸ್ ಕಂಪನಿಗೆ ಮಾರಿತು.

ಇದರಲ್ಲಿ ತಪ್ಪೇನೂ ಇಲ್ಲ. ಉದ್ಯಮ ಬೆಳೆಯುವುದೇ ಹಾಗೆ. ಆದರೆ ರೈತನು ಇದರಿಂದ ತಿಳಿಯಬೇಕಾದ ಪಾಠ ಒಂದಿದೆ. ಕಾರ್ಖಾನೆ ತನ್ನ ಕಚ್ಚಾಮಾಲನ್ನು ಬದಲಾಯಿಸಬಲ್ಲದು. ರೈತ ತನ್ನ ಭೂಮಿಯನ್ನು ಬದಲಾಯಿಸಲಾರ. ಆದ್ದರಿಂದ ಜೈವಿಕ ಆರ್ಥಿಕತೆಯಲ್ಲಿ ಕೇವಲ ಕಚ್ಚಾಮಾಲು ಮಾರುವವನಾಗಿ ನಿಂತ ರೈತನ ಕಾಲಡಿಯ ನೆಲ ಗಟ್ಟಿಯಲ್ಲ.

ಯೂರೋಪಿನವರು ಏನು ಮಾಡಿದರು?

ಯೂರೋಪಿನ ಒಕ್ಕೂಟ 2012ರಲ್ಲಿ ಜೈವಿಕ ಆರ್ಥಿಕತೆಗಾಗಿ ಒಂದು ಕಾರ್ಯನೀತಿಯನ್ನು ರೂಪಿಸಿ, 2018ರಲ್ಲಿ ಅದನ್ನು ಪರಿಷ್ಕರಿಸಿತು. ಅದೇ 2012ರಲ್ಲಿ ಕೃಷಿಯ ಹೊಸ ವಿಧಾನಗಳಿಗಾಗಿ ಇನ್ನೊಂದು ಏರ್ಪಾಟನ್ನೂ ಮಾಡಿತು. ಅದರ ಪ್ರಕಾರ ಒಂದು ಪ್ರದೇಶದ ರೈತರು, ವಿಜ್ಞಾನಿಗಳು, ಸಲಹೆಗಾರರು, ಉದ್ದಿಮೆದಾರರು ಒಂದೇ ತಂಡವಾಗಿ ಸೇರಿ, ತಮ್ಮ ಊರಿನ ಒಂದು ನಿಜವಾದ ತೊಡಕನ್ನು ಎತ್ತಿಕೊಂಡು ಪರಿಹಾರ ಹುಡುಕಿದರೆ ಗ್ರಾಮೀಣ ಅಭಿವೃದ್ಧಿಯ ನಿಧಿಯಿಂದ ಹಣ ದೊರೆಯುತ್ತದೆ. ಇಂಥ ಸಾವಿರಾರು ತಂಡಗಳು ಅಲ್ಲಿ ಕೆಲಸ ಮಾಡಿವೆ. ರೈತನ ಪ್ರಶ್ನೆಯಿಂದ ಆರಂಭಿಸುವುದು ಅಲ್ಲಿ ದಾಕ್ಷಿಣ್ಯದ ಮಾತಲ್ಲ, ಏರ್ಪಾಟಿನ ಅಡಿಪಾಯ.

ಜರ್ಮನಿಯ ಗಾಟಿಂಗೆನ್ ನಗರದ ಸಮೀಪ ಯೂಂಡೆ ಎಂಬ ಪುಟ್ಟ ಹಳ್ಳಿಯಿದೆ. ಜನಸಂಖ್ಯೆ ಸಾವಿರವನ್ನೂ ಮುಟ್ಟುವುದಿಲ್ಲ. ಗಾಟಿಂಗೆನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ತಮ್ಮ ಇಂಧನವನ್ನು ತಾವೇ ತಯಾರಿಸಿಕೊಳ್ಳಬಲ್ಲ ಹಳ್ಳಿಯೊಂದನ್ನು ಹುಡುಕುತ್ತಿದ್ದಾಗ ಮುಂದೆ ಬಂದದ್ದು ಈ ಊರು. ಊರಿನವರು ಸಹಕಾರ ಸಂಘ ಕಟ್ಟಿಕೊಂಡು ಷೇರು ಹಾಕಿದರು. ದನದ ಕೊಟ್ಟಿಗೆಯ ಬಗ್ಗಡ ಮತ್ತು ಹೊಲದ ಹಸಿರು ಮೇವಿನಿಂದ ಗ್ಯಾಸ್ ತಯಾರಿಸಿ ವಿದ್ಯುತ್ ಉತ್ಪಾದಿಸಿದರು. ಎಂಜಿನಿನ ಬಿಸಿಯಿಂದ ನೀರು ಕಾಯಿಸಿ ಕೊಳವೆಗಳ ಮೂಲಕ ಮನೆಮನೆಗೆ ಹರಿಸಿದರು. ಚಳಿಗಾಲಕ್ಕೆ ಸಾಲದ ಬಿಸಿಯನ್ನು ಮರದ ಚೂರುಗಳನ್ನು ಉರಿಸಿ ಪಡೆದರು. ಗ್ಯಾಸ್ ತೆಗೆದು ಉಳಿದ ಬಗ್ಗಡ ಮತ್ತೆ ಹೊಲಕ್ಕೇ ಹೋಯಿತು. 2005ರಲ್ಲಿ ಈ ಸ್ಥಾವರ ಕೆಲಸ ಆರಂಭಿಸಿದಾಗ ಅದು ಜರ್ಮನಿಗೇ ಮೊದಲ ಜೈವಿಕ ಇಂಧನ ಗ್ರಾಮವೆನಿಸಿತು. ಅಲ್ಲಿ ವಿಜ್ಞಾನಿ ಸಲಹೆಗಾರನಾಗಿದ್ದ, ಊರು ಒಡೆಯನಾಗಿತ್ತು.

ಆದರೆ ಅದೇ ದೇಶದಿಂದ ಎಚ್ಚರಿಕೆಯ ಪಾಠವೂ ಬಂದಿದೆ. ಗ್ಯಾಸಿನಿಂದ ತಯಾರಾದ ವಿದ್ಯುತ್ತಿಗೆ ಸರ್ಕಾರ ಒಳ್ಳೆಯ ಬೆಲೆ ಕೊಡತೊಡಗಿದಾಗ, ಸಗಣಿಗಿಂತ ಹೆಚ್ಚು ಗ್ಯಾಸ್ ಕೊಡುವ ಮೆಕ್ಕೆಜೋಳವನ್ನು ಸ್ಥಾವರಕ್ಕಾಗಿಯೇ ಬೆಳೆಯುವುದು ಹಬ್ಬಿತು. ಅನೇಕ ಕಡೆ ಕಣ್ಣು ಹಾಯಿಸಿದಷ್ಟು ದೂರ ಮೆಕ್ಕೆಜೋಳವೇ ಆಯಿತು. ಗುತ್ತಿಗೆ ಭೂಮಿಯ ಬೆಲೆ ಏರಿತೆಂದು ಹೈನುಗಾರರು ದೂರಿದರು. ಕೊನೆಗೆ 2012ರಲ್ಲಿ ಜಾರಿಗೆ ಬಂದ ತಿದ್ದುಪಡಿಯಲ್ಲಿ, ಹೊಸ ಸ್ಥಾವರಗಳಿಗೆ ಹಾಕುವ ವಸ್ತುವಿನ ತೂಕದಲ್ಲಿ ಮೆಕ್ಕೆಜೋಳ ಮತ್ತು ಧಾನ್ಯ ನೂರಕ್ಕೆ 60ನ್ನು ಮೀರಬಾರದೆಂದು ಮಿತಿ ಹಾಕಬೇಕಾಯಿತು. ಸಗಣಿಯಿಂದ ಆರಂಭವಾದ ಕೆಲಸ ಹೊಟ್ಟೆಯ ಹಿಟ್ಟಿನ ಭೂಮಿಗೆ ಕೈಹಾಕಿತು. ಈಗ ನಮ್ಮ ದೇಶದಲ್ಲೂ ಮೆಕ್ಕೆಜೋಳದಿಂದ ಎಥನಾಲ್ ತೆಗೆಯುವ ಕಾರ್ಖಾನೆಗಳು ಏಳುತ್ತಿರುವಾಗ ಈ ಪಾಠವನ್ನು ನಾವು ಮರೆಯಬಾರದು.

ನಮ್ಮಲ್ಲೇ ನಡೆದ ಎರಡು ಯೋಜನೆಗಳು

ಯೂಂಡೆಯ ಜನರೊಡನೆ ದುಡಿದ ಅದೇ ಗಾಟಿಂಗೆನ್ ವಿಶ್ವವಿದ್ಯಾನಿಲಯ, ಜರ್ಮನಿಯ ಕಾಸೆಲ್ ವಿಶ್ವವಿದ್ಯಾನಿಲಯದೊಡನೆ ಸೇರಿ 2016ರಲ್ಲಿ ಬೆಂಗಳೂರಿಗೆ ಬಂತು. ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯ ಮತ್ತು ಇತರ ಭಾರತೀಯ ಸಂಸ್ಥೆಗಳ ಸಹಯೋಗದಲ್ಲಿ, ಹಳ್ಳಿ ನಗರವಾಗಿ ಮಾರ್ಪಡುವಾಗ ಬೇಸಾಯಕ್ಕೆ, ಹೈನಿಗೆ, ಮಣ್ಣಿಗೆ, ಮನೆತನಕ್ಕೆ ಏನಾಗುತ್ತದೆ ಎಂಬುದನ್ನು ತಿಳಿಯುವುದು ಅದರ ಉದ್ದೇಶ. ನಗರದ ಒಳಗಿನಿಂದ ಹಳ್ಳಿಗಾಡಿನ ಕಡೆಗೆ ಉತ್ತರಕ್ಕೊಂದು, ನೈಋತ್ಯಕ್ಕೊಂದು ಪಟ್ಟಿಯನ್ನು ಗುರುತಿಸಿ, ಅವುಗಳೊಳಗಿನ ಹಳ್ಳಿಗಳಲ್ಲಿ ಮನೆಮನೆಯ ಸಮೀಕ್ಷೆ ನಡೆಸಿದರು. ಜಿ.ಕೆ.ವಿ.ಕೆ. ಆವರಣದಲ್ಲಿ ರಾಗಿ, ಅವರೆ, ಮೆಕ್ಕೆಜೋಳಗಳನ್ನು ನೀರಾವರಿಯಲ್ಲೂ ಮಳೆಯಾಶ್ರಯದಲ್ಲೂ, ಬೇರೆ ಬೇರೆ ಪ್ರಮಾಣದ ಸಾರಜನಕ ಕೊಟ್ಟು ಬೆಳೆದು ನೋಡಿದರು. ನಗರದಂಚಿನಲ್ಲಿ ಹಸು ಸಾಕುವವರು ಮೇವನ್ನು ಎಲ್ಲಿಂದ ತರುತ್ತಾರೆ, ಕೆರೆಯಂಗಳದ ಹುಲ್ಲನ್ನು ಎಷ್ಟು ನೆಚ್ಚಿದ್ದಾರೆ ಎಂಬುದನ್ನೂ ಅಭ್ಯಸಿಸಿದರು. ವೈಟ್‌ಫೀಲ್ಡಿನ ಸುತ್ತಲ ರೈತನಾಗಲಿ ಪೀಣ್ಯದ ಆಚೆಯ ರೈತನಾಗಲಿ ದಿನವೂ ಕೇಳಿಕೊಳ್ಳುವ ಪ್ರಶ್ನೆಗಳೇ ಇವು.

ಇನ್ನೊಂದು ಭಾರತ-ಸ್ವಿಟ್ಜರ್ಲೆಂಡ್ ಸಹಕಾರದಲ್ಲಿ ನಡೆದದ್ದು. ಜಿ.ಕೆ.ವಿ.ಕೆ.ಯಲ್ಲೂ ತಮಿಳುನಾಡಿನ ಕೊಲ್ಲಿ ಬೆಟ್ಟದಲ್ಲೂ ರಾಗಿ ಮತ್ತು ತೊಗರಿಯನ್ನು ಒಟ್ಟಿಗೆ ಬೆಳೆದು ಪ್ರಯೋಗ ಮಾಡಿದರು. ತೊಗರಿಯ ಬೇರು ಆಳಕ್ಕೆ ಇಳಿಯುತ್ತದೆ. ರಾಗಿಯ ಬೇರು ಮೇಲುಮಣ್ಣಿನಲ್ಲೇ ಹರಡುತ್ತದೆ. ರಾತ್ರಿಯ ಹೊತ್ತು ತೊಗರಿಯ ಬೇರು ಆಳದ ತೇವವನ್ನು ಮೇಲೆತ್ತಿ ಒಣಗಿದ ಮೇಲುಮಣ್ಣಿಗೆ ಬಿಡುತ್ತದೆ, ಬೇರುಗಳಿಗೆ ಅಂಟಿ ಬೆಳೆಯುವ ಉಪಕಾರಿ ಶಿಲೀಂಧ್ರದ ಎಳೆಗಳು ಆ ತೇವವನ್ನು ರಾಗಿಗೆ ಮುಟ್ಟಿಸಬಲ್ಲವು ಎಂಬುದು ಕುಂಡದ ಪ್ರಯೋಗಗಳಲ್ಲಿ ಕಂಡುಬಂತು. ಆದರೆ ಹೊಲದಲ್ಲಿ ಎರಡು ಬೆಳೆಗಳು ಪರಸ್ಪರ ಸ್ಪರ್ಧಿಸುವುದೂ ಉಂಟು. ಸಾಲುಗಳನ್ನು ಹೇಗೆ ಹೊಂದಿಸುತ್ತೇವೆ ಎಂಬುದರ ಮೇಲೆ ಲಾಭ ನಿಂತಿದೆ.

ಓದುಗರೇ, ಇದನ್ನು ಕೇಳಿದೊಡನೆ ನಿಮಗೆ ಅಕ್ಕಡಿ ಸಾಲು ನೆನಪಾಗದೆ ಇರದು. ರಾಗಿಯ ಹೊಲದಲ್ಲಿ ತೊಗರಿ, ಅವರೆ, ಹುಚ್ಚೆಳ್ಳಿನ ಸಾಲು ಬಿಡುವುದು ನಿಮ್ಮ ತಾತಂದಿರ ಪದ್ಧತಿ. ಪ್ರಶ್ನೆ ಹುಟ್ಟಿದ್ದು ಅಕ್ಕಡಿ ಸಾಲಿನಂಥ ಪದ್ಧತಿಯಲ್ಲಿ; ಉತ್ತರ ಅಚ್ಚಾದದ್ದು ಇಂಗ್ಲಿಷ್ ಪತ್ರಿಕೆಗಳಲ್ಲಿ. ಆ ಉತ್ತರ ಮತ್ತೆ ಕೂರಿಗೆಯ ಹಿಂದೆ ನಡೆಯುವವನ ಬಳಿಗೆ ಬಂದಾಗ ಮಾತ್ರ ಸುತ್ತು ಪೂರ್ಣವಾಗುತ್ತದೆ. ಸಂಶೋಧಕನ ದೃಷ್ಟಿಯಲ್ಲಿ ವರದಿ ಅಚ್ಚಾದರೆ ಕೆಲಸ ಮುಗಿಯಿತು. ರೈತನ ದೃಷ್ಟಿಯಲ್ಲಿ ಕೆಲಸ ಆಗ ಶುರುವಾಗಬೇಕು. ಈ ಎರಡರ ನಡುವಿನ ಕಂದಕವನ್ನು ತುಂಬುವುದು ನಮ್ಮಂಥ ವಿಸ್ತರಣಾ ಕಾರ್ಯಕರ್ತರ ಹೊಣೆ. ಅದರಲ್ಲಿ ನಾವು ಹಿಂದೆ ಬಿದ್ದಿದ್ದೇವೆಂದು ಒಪ್ಪಿಕೊಳ್ಳಲು ಸಂಕೋಚಪಡಬೇಕಾಗಿಲ್ಲ.

ಪುರ ಗ್ರಾಮದ ಪಾಠ

ಊರಿನವರ ಮಾತಿಗೆ ಕಿವಿಗೊಟ್ಟರೆ ಯೋಜನೆಯ ದಿಕ್ಕೇ ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಮ್ಮಲ್ಲಿಯೇ ಒಳ್ಳೆಯ ನಿದರ್ಶನವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ, ಗ್ರಾಮಗಳಿಗೆ ಹೊಂದುವ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರದವರು ತುಮಕೂರು ಜಿಲ್ಲೆಯ ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಸಮುದಾಯ ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು. ಮೊದಲ ಉದ್ದೇಶ ಮನೆಮನೆಗೂ ಅಡುಗೆಯ ಗ್ಯಾಸ್ ಕೊಡುವುದು. ಆದರೆ ಊರಿನ ದನಗಳ ಸಗಣಿ ಎಲ್ಲರ ಒಲೆಗೂ ಸಾಲದು ಎಂಬುದು ಅನುಭವದಿಂದ ತಿಳಿಯಿತು. ಊರಿನವರಿಗೆ ಒಲೆಗಿಂತ ಮುಂಚೆ ಬೇಕಾಗಿದ್ದದ್ದು ಕುಡಿಯುವ ನೀರು. 1987ರಲ್ಲಿ ಯೋಜನೆಯನ್ನು ಬದಲಾಯಿಸಿ, ಗ್ಯಾಸಿನಿಂದ ಎಂಜಿನ್ ಓಡಿಸಿ, ಕೊಳವೆಬಾವಿಯ ನೀರನ್ನು ನಲ್ಲಿಗೂ ವಿದ್ಯುತ್ತನ್ನು ಮನೆಯ ದೀಪಕ್ಕೂ ಕೊಟ್ಟರು. ಸಗಣಿ ತಂದು ಹಾಕಿದವರಿಗೆ ಸಣ್ಣ ಹಣ ಸಲ್ಲುತ್ತಿತ್ತು. ತಂದವರಲ್ಲಿ ಹೆಣ್ಣುಮಕ್ಕಳೇ ಹೆಚ್ಚು. ಗ್ಯಾಸ್ ತೆಗೆದ ಬಗ್ಗಡ ತಂದವರ ಮನೆಗೇ ಗೊಬ್ಬರವಾಗಿ ಹಿಂತಿರುಗುತ್ತಿತ್ತು. ಊರಿನವರದೇ ಸಮಿತಿ ಲೆಕ್ಕ ನೋಡಿಕೊಳ್ಳುತ್ತಿತ್ತು. ಹೀಗೆ ಅದು ಹಲವು ವರ್ಷ ನಡೆಯಿತು.

ಜರ್ಮನಿಯ ಯೂಂಡೆಗೆ ಸುಮಾರು ಎರಡು ದಶಕ ಮುಂಚೆಯೇ ಕುಣಿಗಲ್ ಸೀಮೆಯ ರೈತರು ಈ ಪಾಠವನ್ನು ಮಾಡಿ ತೋರಿಸಿದ್ದರು. ಸಗಣಿ ಯಾರದು, ಗೊಬ್ಬರ ಯಾರಿಗೆ, ಹಣ ಯಾರ ಕೈಗೆ, ಲೆಕ್ಕ ಯಾರ ಬಳಿ ಎಂಬ ನಾಲ್ಕು ಮಾತು ಸ್ಪಷ್ಟವಾಗಿದ್ದರೆ ಯೋಜನೆ ನಡೆಯುತ್ತದೆ.

ಇದಕ್ಕೆ ವ್ಯತಿರಿಕ್ತವಾಗಿ, ಈ ಶತಮಾನದ ಆರಂಭದಲ್ಲಿ ಡೀಸೆಲ್ ಗಿಡವೆಂದು ದೇಶದಲ್ಲೆಲ್ಲ ಪ್ರಚಾರ ಪಡೆದ ಕಾಡುಹರಳನ್ನು ನೆನೆಸಿಕೊಳ್ಳಿ. ಬರಡು ನೆಲದಲ್ಲಿ ನೀರು ಗೊಬ್ಬರವಿಲ್ಲದೆ ಬೆಳೆಯುತ್ತದೆ ಎಂದು ಹೇಳಿದರು. ಹಾಗೆ ಬೆಳೆದಲ್ಲಿ ಗಿಡವೇನೋ ಉಳಿಯಿತು, ಕಾಯಿ ಮಾತ್ರ ಸಾಲಲಿಲ್ಲ. ನಮ್ಮ ಕೃಷಿ ವಿಶ್ವವಿದ್ಯಾನಿಲಯ 2007ರಲ್ಲಿ ಹಾಸನದ ಮಡೆನೂರಿನಲ್ಲಿ ಜೈವಿಕ ಇಂಧನ ಉದ್ಯಾನವನ್ನು ಆರಂಭಿಸಿದಾಗ ಹೊಂಗೆ, ಬೇವು, ಹಿಪ್ಪೆಗಳಂಥ ರೈತನಿಗೆ ಪರಿಚಿತವಾದ ಮರಗಳಿಗೆ, ಬದುವಿನ ನೆಲಕ್ಕೆ ಒತ್ತು ಕೊಟ್ಟಿತು. ಬೆಳೆಯ ಭೂಮಿಯನ್ನು ಕಸಿಯದೆ, ಎಣ್ಣೆ ಮಾರಿದರೂ ಹಿಂಡಿ ತೋಟಕ್ಕೆ ಉಳಿಯುವ ದಾರಿ ಇದು. ದಾರಿ ಸರಿಯಿದ್ದರೂ ಬೀಜಕ್ಕೆ ಹತ್ತಿರದಲ್ಲಿ ನಿಶ್ಚಿತ ಕೊಳ್ಳುವವನು, ಆರಿಸುವ ಕೂಲಿಯನ್ನು ಮೀರಿದ ಬೆಲೆ ಇಲ್ಲದಿದ್ದರೆ ಬೀಜ ಮರದಡಿಯಲ್ಲೇ ಉಳಿಯುತ್ತದೆ.

ನಗರದ ಅಂಚಿನ ರೈತನ ಮುಂದಿರುವ ಪ್ರಶ್ನೆ

ಈಗ ನಿಮ್ಮ ಹೊಲಕ್ಕೆ ಬರೋಣ. ಬೆಂಗಳೂರು ಸುತ್ತಲ ಹಳ್ಳಿಗಳಿಂದ ರಾಗಿ, ತರಕಾರಿ, ಹಾಲು, ಹೂವು ಎಲ್ಲವನ್ನೂ ಕೊಳ್ಳುತ್ತದೆ. ಅವುಗಳೊಡನೆ ನಿಮ್ಮ ಮಣ್ಣಿನ ಸಾರವೂ ನಗರಕ್ಕೆ ಹೋಗುತ್ತದೆ. ಹಿಂತಿರುಗಿ ಬರುವುದು ಏನು? ಕಸ ಮತ್ತು ಕೊಳಚೆ ನೀರು. ವೈಟ್‌ಫೀಲ್ಡಿನಿಂದ ಹೆಚ್ಚು ದೂರವಿಲ್ಲದ ಮಂಡೂರಿನಲ್ಲಿ ನಗರದ ಕಸದ ಬೆಟ್ಟವೇ ಬೆಳೆದು, 2014ರಲ್ಲಿ ಹಳ್ಳಿಯವರು ಚಳವಳಿ ಹೂಡಿದ ಮೇಲೆ ಆ ವರ್ಷದ ಕೊನೆಗೆ ಅಲ್ಲಿ ಕಸ ಸುರಿಯುವುದು ನಿಂತಿತು. ಪೀಣ್ಯದ ಕಡೆಯ ಕಾರ್ಖಾನೆಗಳ ಮತ್ತು ನಗರದ ಕೊಳಚೆ ಹೊತ್ತ ವೃಷಭಾವತಿ ಬಿಡದಿಯ ಬಳಿಯ ಬೈರಮಂಗಲ ಕೆರೆಗೆ ಹರಿಯುತ್ತದೆ. ಆ ನೀರಿನಲ್ಲಿ ಬೆಳೆದ ಬೆಳೆಯಲ್ಲಿ, ಮೇವಿನಲ್ಲಿ ಭಾರಲೋಹಗಳ ಬಗ್ಗೆ ಸಂಶೋಧಕರು ಮತ್ತೆ ಮತ್ತೆ ಎಚ್ಚರಿಸಿದ್ದಾರೆ. ಕೋರಮಂಗಲ-ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಹರಿದು ಬತ್ತಿದ ಕೊಳವೆಬಾವಿಗಳಿಗೆ ಜೀವ ಬಂದಿದೆ. ಅದನ್ನು ಇನ್ನೂ ಒಂದು ಹಂತ ಶುದ್ಧಿ ಮಾಡಿ ಕೊಡಿರೆಂಬ ಬೇಡಿಕೆಯನ್ನೂ ಅಲ್ಲಿನ ರೈತರು ಎತ್ತಿದ್ದಾರೆ.

ನಗರದ ಹಸಿ ಕಸ ಗೊಬ್ಬರವಾಗಬೇಕೆಂಬ ವಿಚಾರ ಹೊಸದಲ್ಲ. ಕರ್ನಾಟಕ ಕಾಂಪೋಸ್ಟ್ ಅಭಿವೃದ್ಧಿ ನಿಗಮ ಸ್ಥಾಪನೆಯಾದದ್ದೇ 1975ರಲ್ಲಿ. ಮಣ್ಣಿಗೆ ಸಾವಯವ ವಸ್ತು ಅತ್ಯಗತ್ಯ ಎಂಬುದರಲ್ಲೂ ಸಂದೇಹವಿಲ್ಲ. ಜಿ.ಕೆ.ವಿ.ಕೆ.ಯ ಖುಷ್ಕಿ ಬೇಸಾಯ ವಿಭಾಗದಲ್ಲಿ 1978ರಿಂದ ನಡೆದುಬಂದಿರುವ ದೀರ್ಘಾವಧಿ ಪ್ರಯೋಗದಲ್ಲಿ, ರಾಸಾಯನಿಕ ಗೊಬ್ಬರವನ್ನಷ್ಟೇ ಕೊಟ್ಟ ತಾಕುಗಳಲ್ಲಿ ರಾಗಿಯ ಇಳುವರಿ ಕಾಲಕ್ರಮದಲ್ಲಿ ಇಳಿಮುಖವಾಗಿ, ಹೆಕ್ಟೇರಿಗೆ 10 ಟನ್ ಕೊಟ್ಟಿಗೆ ಗೊಬ್ಬರವನ್ನೂ ಜೊತೆಗೆ ಕೊಟ್ಟಲ್ಲಿ ಅದು ಸ್ಥಿರವಾಗಿ ನಿಂತಿದೆ. ಆದರೆ ದನ ಕಡಿಮೆಯಾದ ನಗರದಂಚಿನ ಹಳ್ಳಿಯಲ್ಲಿ ಅಷ್ಟು ಕೊಟ್ಟಿಗೆ ಗೊಬ್ಬರ ಎಲ್ಲಿಂದ ಬರಬೇಕು? ಆಗ ನಗರ ಕಾಂಪೋಸ್ಟಿನ ಮಾತು ಬರುತ್ತದೆ.

ಇಲ್ಲಿ ಸ್ವಲ್ಪ ಲೆಕ್ಕ ಹಾಕೋಣ. ರಸಗೊಬ್ಬರ ನಿಯಂತ್ರಣ ಆಜ್ಞೆಯ ಪ್ರಕಾರ ನಗರ ಕಾಂಪೋಸ್ಟಿನಲ್ಲಿ ಸಾರಜನಕ ನೂರಕ್ಕೆ 0.8ಕ್ಕಿಂತ ಕಡಿಮೆಯಿರಬಾರದು. ಅಂದರೆ ಒಂದು ಟನ್ನಿಗೆ 8 ಕಿಲೋ. ಎಕರೆಗೆ 3 ಟನ್ ಹಾಕಿದರೆ 24 ಕಿಲೋ. ಖುಷ್ಕಿ ರಾಗಿಗೆ ಶಿಫಾರಸು ಮಾಡಿದ ಸಾರಜನಕ ಎಕರೆಗೆ 20 ಕಿಲೋ. ಕಾಂಪೋಸ್ಟಿನ ಸಾರಜನಕವೆಲ್ಲ ಮೊದಲ ವರ್ಷವೇ ಬೆಳೆಗೆ ದಕ್ಕುವುದಿಲ್ಲವಾದರೂ ಇದು ಸಣ್ಣ ಕೊಡುಗೆಯೇನಲ್ಲ. ಇನ್ನೊಂದು ಮಗ್ಗುಲು ನೋಡಿ. ಅದೇ ಆಜ್ಞೆಯಂತೆ ಒಂದು ಕಿಲೋ ಕಾಂಪೋಸ್ಟಿನಲ್ಲಿ ಸೀಸ 100 ಮಿಲಿಗ್ರಾಂ, ಕ್ಯಾಡ್ಮಿಯಂ 5 ಮಿಲಿಗ್ರಾಂ ಮೀರಬಾರದು. ಮಿತಿಯ ಅಂಚಿನಲ್ಲಿರುವ ಗೊಬ್ಬರವನ್ನೇ ವರ್ಷಕ್ಕೆ ಎಕರೆಗೆ 3 ಟನ್ ಹಾಕಿದರೆ 300 ಗ್ರಾಂ ಸೀಸ ಹೊಲಕ್ಕೆ ಬಿತ್ತು. ಹತ್ತು ವರ್ಷಕ್ಕೆ 3 ಕಿಲೋ. ಸಾರಜನಕವನ್ನು ಬೆಳೆ ತೆಗೆದುಕೊಳ್ಳುತ್ತದೆ, ಮಳೆ ಕೊಚ್ಚುತ್ತದೆ; ಸೀಸ ಬಹುಪಾಲು ಮಣ್ಣಿನಲ್ಲೇ ಕೂರುತ್ತದೆ. ಮೂಲದಲ್ಲೇ ಬೇರ್ಪಡಿಸಿದ ಅಡುಗೆಮನೆಯ ಹಸಿ ಕಸದಿಂದ ಆದ ಗೊಬ್ಬರಕ್ಕೂ, ಬ್ಯಾಟರಿ, ಬಣ್ಣ, ಗಾಜು ಬೆರೆತ ಕಸದಿಂದ ಜರಡಿ ಹಿಡಿದ ಗೊಬ್ಬರಕ್ಕೂ ಇರುವ ಅಂತರ ಇದೇ. ಇದು ಕಣ್ಣಿಗೆ ಕಾಣುವಂಥದ್ದಲ್ಲ. ಪ್ರಯೋಗಶಾಲೆಯ ಚೀಟಿಯಿಂದ ಮಾತ್ರ ತಿಳಿಯುವಂಥದ್ದು.

ಸಹಯೋಗದ ಸಂಶೋಧನೆ ನಮಗೆ ನಿಜವಾಗಿ ಬೇಕಾಗಿರುವುದು ಇಲ್ಲಿಯೇ. ಯಾವ ವಾರ್ಡಿನ ಹಸಿ ಕಸ ಶುದ್ಧವಾಗಿದೆ, ಅದರ ಗೊಬ್ಬರ ಯಾವ ಮಣ್ಣಿಗೆ ಎಷ್ಟು ಹಾಕಬಹುದು, ಎಷ್ಟು ವರ್ಷಕ್ಕೊಮ್ಮೆ ಮಣ್ಣು ಪರೀಕ್ಷಿಸಬೇಕು, ಸಾಗಾಣಿಕೆಯ ಖರ್ಚು ಯಾರು ಹೊರಬೇಕು? ಎಲೆಕ್ಟ್ರಾನಿಕ್ ಸಿಟಿಯ ಕಂಪನಿಗಳ ಊಟದ ಮನೆಗಳಿಂದ ಹೊರಬೀಳುವ ಹಸಿ ಕಸ ಆನೇಕಲ್ಲಿನ ಹೊಲಕ್ಕೆ ಶುದ್ಧವಾಗಿ ಮುಟ್ಟುವ ಹಾಗೆ ಮಾಡುವುದು ಯಾವ ದೊಡ್ಡ ಪ್ರಯೋಗಶಾಲೆಯ ಆವಿಷ್ಕಾರಕ್ಕೂ ಕಡಿಮೆಯಲ್ಲ.

ಎರಡು ಆಕ್ಷೇಪಣೆಗಳು

‘ನಗರದಂಚಿನ ರೈತ ಇಂದಲ್ಲ ನಾಳೆ ಜಮೀನು ಮಾರುವವನೇ, ಅವನಿಗಾಗಿ ಸಂಶೋಧನೆ ಏಕೆ?’ ಎನ್ನುವವರಿದ್ದಾರೆ. ನಿವೇಶನದ ಬೆಲೆಯ ಮುಂದೆ ರಾಗಿಯ ಬೆಲೆ ಏನೇನೂ ಅಲ್ಲ ಎಂಬುದು ನಿಜ. ಆದರೆ ಎಲ್ಲರೂ ಮಾರಿಲ್ಲ. ಮಾರಲು ಮನಸ್ಸಿಲ್ಲದವರೂ, ಗುತ್ತಿಗೆಗೆ ಪಡೆದು ಸೊಪ್ಪು ತರಕಾರಿ ಬೆಳೆಯುವವರೂ, ಎರಡು ಹಸುವಿನ ಹಾಲನ್ನು ಡೈರಿಗೆ ಹಾಕಿ ಸಂಸಾರ ತೂಗಿಸುವ ತಾಯಂದಿರೂ ಇದ್ದಾರೆ. ಬೇಸಾಯದಲ್ಲಿ ಮರ್ಯಾದೆಯ ಆದಾಯ ಕಾಣದಿದ್ದರೆ ಮಾರದೆ ಉಳಿದವನೂ ಮಾರುತ್ತಾನೆ. ಹಾಗಾಗುವ ಮುನ್ನವೇ ಸಂಶೋಧನೆ ಅವನ ಬಳಿಗೆ ಬರಬೇಕು.

‘ವಿಜ್ಞಾನದ ಪ್ರಶ್ನೆಯನ್ನು ರೈತ ಹೇಗೆ ನಿರ್ಧರಿಸಬಲ್ಲ?’ ಎಂಬುದು ಇನ್ನೊಂದು ಆಕ್ಷೇಪಣೆ. ವಿಧಾನವನ್ನು ವಿಜ್ಞಾನಿಯೇ ನಿರ್ಧರಿಸಲಿ. ಅವಶ್ಯಕತೆಯನ್ನು ರೈತ ಹೇಳಲಿ. ಸಹಯೋಗ ಹೊರಗಿನದೆಂದು ಹೆದರಬೇಕಾಗಿಯೂ ಇಲ್ಲ. ‘ರಾಗಿ ಲಕ್ಷ್ಮಣಯ್ಯ’ನವರೆಂದೇ ಹೆಸರಾದ ವಿಜ್ಞಾನಿ ಮಂಡ್ಯದ ವಿ.ಸಿ. ಫಾರಂನಲ್ಲಿ ಭಾರತದ ರಾಗಿಯನ್ನು ಆಫ್ರಿಕದ ರಾಗಿಯೊಡನೆ ಸಂಕರಿಸಿ ‘ಇಂಡಾಫ್’ ತಳಿಗಳನ್ನು ಕೊಟ್ಟರು. ಇಂಡಿಯಾ ಮತ್ತು ಆಫ್ರಿಕ ಎರಡರ ಹೆಸರೂ ಸೇರಿ ಆದ ಹೆಸರದು. ಬೀಜ ಸಮುದ್ರದಾಚೆಯಿಂದ ಬಂದರೂ, ಇಳುವರಿ ರೈತನ ಕಣಕ್ಕೆ ಬಂದುದರಿಂದ ಅದು ನಮ್ಮದೇ ಆಯಿತು.

ನೀವು ಕೇಳಬೇಕಾದ ಐದು ಪ್ರಶ್ನೆಗಳು

ಮುಂದೆ ಯಾವುದೇ ಯೋಜನೆಯವರು, ದೇಶದವರಾಗಲಿ ವಿದೇಶದವರಾಗಲಿ, ನಿಮ್ಮ ಊರಿಗೆ ಬಂದಾಗ ವಿನಯದಿಂದಲೇ ಈ ಐದನ್ನು ಕೇಳಿ.

1. ಈ ಪ್ರಶ್ನೆ ಯಾರದು? ನಮ್ಮ ಊರಿನ ಯಾವ ತೊಡಕಿಗೆ ಇದು ಪರಿಹಾರ?

2. ಫಲಿತಾಂಶವನ್ನು ಯಾವಾಗ, ಕನ್ನಡದಲ್ಲಿ, ಊರಿನ ಮುಂದೆ ಬಂದು ಹೇಳುತ್ತೀರಿ? ನನ್ನ ಹೊಲದ ಮಣ್ಣಿನ ವರದಿ ನನ್ನ ಕೈಗೆ ಬರುತ್ತದೆಯೆ?

3. ಪ್ರಯೋಗದ ತಾಕಿನಲ್ಲಿ ಬೆಳೆ ಕೆಟ್ಟರೆ ನಷ್ಟ ಯಾರದು?

4. ಹೊಲದಿಂದ ಹುಲ್ಲು, ಸಗಣಿ, ಬೀಜ ಏನನ್ನು ಒಯ್ದರೂ ಮಣ್ಣಿಗೆ ಹಿಂತಿರುಗುವುದೇನು, ಮನೆಗೆ ಉಳಿಯುವುದೇನು?

5. ಯೋಜನೆಯ ಹಣ ಮುಗಿದ ಮೇಲೆ ಯಂತ್ರ, ಲೆಕ್ಕ, ಹೊಣೆ ಯಾರ ವಶಕ್ಕೆ?

ಊರಿನ ನಾಟಿ ಬೀಜ, ಗಿಡಮೂಲಿಕೆಗಳ ವಿಷಯವಾದರೆ ಇನ್ನೊಂದು ಮಾತು. 2002ರ ಜೀವವೈವಿಧ್ಯ ಕಾಯಿದೆಯಲ್ಲಿ ಸ್ಥಳೀಯ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿಗೆ ಅವಕಾಶವಿದೆ. ಲಾಭದಲ್ಲಿ ಪಾಲು ಎಂಬ ತತ್ವವನ್ನೂ ಆ ಕಾಯಿದೆ ಒಪ್ಪಿದೆ. ನಿಮ್ಮ ಪಂಚಾಯಿತಿಯಲ್ಲಿ ಆ ಸಮಿತಿ ಕಾಗದದ ಮೇಲಷ್ಟೇ ಇದೆಯೋ ಕೂಡಿ ಮಾತಾಡುತ್ತಿದೆಯೋ ವಿಚಾರಿಸಿ.

ಒಬ್ಬೊಬ್ಬರೇ ಕೇಳಿದರೆ ಈ ಪ್ರಶ್ನೆಗಳಿಗೆ ಬಲವಿಲ್ಲ. ಹಾಲಿನ ಸಂಘ, ರೈತ ಉತ್ಪಾದಕರ ಸಂಸ್ಥೆ, ಸ್ತ್ರೀಶಕ್ತಿ ಗುಂಪು ಇವುಗಳ ಮೂಲಕ ಕೇಳಿದರೆ ಉತ್ತರ ಬಂದೇ ಬರುತ್ತದೆ. ಹಾಗೆಯೇ ವಿಶ್ವವಿದ್ಯಾನಿಲಯದವರೂ ಒಂದು ನಿಯಮ ಮಾಡಿಕೊಳ್ಳುವುದು ಒಳ್ಳೆಯದು. ರೈತನ ಹೊಲದಲ್ಲಿ ಅಥವಾ ಮನೆಯಲ್ಲಿ ನಡೆದ ಯಾವ ಸಂಶೋಧನೆಯೂ, ಅದರ ಫಲಿತಾಂಶವನ್ನು ಆ ಊರಿನಲ್ಲಿ ಕನ್ನಡದಲ್ಲಿ ಓದಿ ಹೇಳುವ ತನಕ ಮುಗಿಯಿತೆಂದು ಎಣಿಸಬಾರದು. ಯೋಜನೆಯ ಖರ್ಚಿನ ಪಟ್ಟಿಯಲ್ಲಿ ಇದಕ್ಕಾಗಿ ಮೊದಲೇ ಹಣ ತೆಗೆದಿಡಬೇಕು.

ಬಾಂಧವರೇ, ಪ್ರಶ್ನಾವಳಿ ಹಿಡಿದು ಬಂದವರನ್ನು ಹಿಂದಕ್ಕೆ ಕಳುಹಿಸಬೇಡಿ. ಅವರನ್ನು ಜಗಲಿಯ ಮೇಲೆ ಕೂರಿಸಿ, ಇರುವ ಸಂಗತಿಯನ್ನು ಇದ್ದ ಹಾಗೆ ಹೇಳಿ. ನಿಮ್ಮ ಹೊಲದ ನಿಜ ತಿಳಿಯದೆ ಯಾವ ವಿಜ್ಞಾನವೂ ನಿಮಗೆ ನೆರವಾಗಲಾರದು. ಆದರೆ ಅವರು ಏಳುವ ಮುನ್ನ, ಮತ್ತೆ ಯಾವ ತಿಂಗಳು ಬರುತ್ತೀರಿ ಎಂದು ಕೇಳಿ, ಆ ತಿಂಗಳನ್ನು ಅವರೆದುರಿಗೇ ನಿಮ್ಮ ಪುಸ್ತಕದಲ್ಲಿಯೂ ಬರೆದಿಟ್ಟುಕೊಳ್ಳಿ.